‘ರೀ’ ಎಂಬ ಕಮಾಂಡ್

ಫಣಿರಾಜ ಕೀಬೋರ್ಡ್ ಮುಟ್ಟಿದರೆ ಸತ್ತ ಕಂಪ್ಯೂಟರ್ ಎದ್ದು ಕೂತು ಕಾಫಿ ಕೇಳುತ್ತದೆಂದು ಊರೇ ನಂಬಿತ್ತು. ಊರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಅಪ್‌ಗ್ರೇಡ್ ಆದ ಮೇಲೆ ವತ್ಸಲಮ್ಮನವರ ಕಂಪ್ಯೂಟರಿನಲ್ಲಿ, ಟೈಪ್ ಮಾಡಿ ಕೆಲಸ ಹೇಳುವ ಕಮಾಂಡುಗಳೆಲ್ಲ ಮಾಯವಾಗಿದ್ದವು.

“ನಂಗೆ ಬೇಕಿರೋದು ಒಂದೇ ಕಮಾಂಡಪ್ಪ, ಅದು ಬಂದ್ರೆ ಸಾಕು,” ಎಂದಿದ್ದರು ಆಕೆ.

ಅವನು ಡಿಸ್ಕನ್ನೇ ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿ ಮೀಸೆ ತಿರುವಿದ.

“ಹಳೇ ಕಸ ಒಂದು ಚೂರೂ ಉಳಿಸಿಲ್ಲ, ಅಮ್ಮಾ. ಬ್ರಹ್ಮ ಬರೆದ ಕಮಾಂಡೂ ಈಗ ಓಡುತ್ತೆ!”

ಆಕೆ ‘ರೀ’ ಎಂದು ಒತ್ತಿದರು. ಅಂಥ ಕಮಾಂಡ್ ಇಲ್ಲವೆಂದಿತು ಪರದೆ.

“ಅಯ್ಯೋ, ಇದೆಂಥ ಕಮಾಂಡಮ್ಮಾ? ಗಂಡನ್ನ ಕೂಗಿದ ಹಾಗಿದೆ!” ಎಂದು ನಕ್ಕ ಫಣಿರಾಜ.

“ಹೂಂನಪ್ಪ. ಕಣ್ಣು ಮುಚ್ಚೋ ಮುಂಚೆ ಅವರೇ ಮಾಡಿಟ್ಟಿದ್ರು. ಹಾಗೆ ಒತ್ತಿದ್ರೆ, ಅವರ ದನೀಲೇ ‘ಏನೇ?’ ಅಂತಿತ್ತು.”