ತೆಂಗಿನಕಾಯಿಯೊಳಗಿನ ಲೊಡಲೊಡ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ತಿಪಟೂರಿನ ಕೊಬ್ಬರಿ ವ್ಯಾಪಾರಿ ಚೆನ್ನಬಸಮ್ಮ ಒಣ ತೆಂಗಿನಕಾಯಿ ಹಿಡಿದು ಆಸ್ಪತ್ರೆಯ ಕುರ್ಚಿಯಲ್ಲಿ ಕೂತರು. ಆಪರೇಷನ್ ಆದ ಮೇಲೆ ಹೇಗೆ ಕೇಳಿಸುತ್ತದೆಂಬುದನ್ನು ಆ ಕುರ್ಚಿ ಮೊದಲೇ ಕೇಳಿಸುತ್ತಿತ್ತು. ಕಿವಿಯ ತಮಟೆ ತೂತಾದಾಗಿನಿಂದ, ಕಾಯಿಯೊಳಗೆ ಕೊಬ್ಬರಿ ಬಿಟ್ಟುಕೊಂಡು ಅಲುಗುವ ಸದ್ದು ತಿಳಿಯದೆ ಅವರು ಹಸಿಕಾಯಿಗಳನ್ನೇ ಒಡೆದು ಹಾಳುಮಾಡುತ್ತಿದ್ದರು.

"ಇದು ಕಿವಿ ಹಿಂದೆ ಕೊಯ್ದು ಮಾಡೋದು," ಎಂದು ಡಾಕ್ಟರ್ ಅಶ್ವಿನಿ ಕುರ್ಚಿಯ ಗುಂಡಿ ಒತ್ತಿದರು. ಚೆನ್ನಬಸಮ್ಮ ಅಲ್ಲಾಡಿಸಿದ ಕಾಯಿ ಲೊಡಲೊಡ ಎಂದಿತು. "ಇದು ಕಿವಿಯೊಳಗಿಂದಾನೇ ಕ್ಯಾಮೆರಾ ಬಿಟ್ಟು ಮಾಡೋದು." ಇನ್ನೊಂದು ಗುಂಡಿ ಒತ್ತಿದರು. ಮತ್ತೆ ಅದೇ ಲೊಡಲೊಡ.

"ಎರಡೂ ಒಂದೇ ಕಣವ್ವಾ!" ಚೆನ್ನಬಸಮ್ಮ ಕೂತಲ್ಲೇ ಕುಣಿದರು. "ಹಂಗಾದ್ರೆ ಕೊಯ್ಯೋದ್ಯಾಕೆ? ಕ್ಯಾಮೆರಾನೇ ಬಿಡು. ತಗೋ, ನೀನೂ ಕೇಳು!"

ಡಾಕ್ಟರ್ ಕಾಯಿಯನ್ನು ಬಲಗಿವಿಯ ಬಳಿ ಅಲ್ಲಾಡಿಸಿದರು. ಸದ್ದೇ ಇಲ್ಲ. ಮತ್ತೊಮ್ಮೆ ಜೋರಾಗಿ ಅಲ್ಲಾಡಿಸಿದರು. ಎಡಗಿವಿಗೆ ಹಿಡಿದರೆ ಲೊಡಲೊಡ.

"ಅಯ್ಯೋ ನನ್ನವ್ವಾ, ಬಾ ಕೂತ್ಕೋ," ಎಂದು ಚೆನ್ನಬಸಮ್ಮ ನಗುತ್ತಾ ಕುರ್ಚಿ ಬಿಟ್ಟುಕೊಟ್ಟರು.

ಸೋಮವಾರ ಚೆನ್ನಬಸಮ್ಮನ ಆಪರೇಷನ್ ಆಯಿತು. ಬುಧವಾರ ಡಾಕ್ಟರದ್ದು.