ತಿದಿ ಒತ್ತುವವನ ಜಾಗ

"ಈ ಹಿಡಿ ಕಿತ್ತು ಬಿಸಾಕಿದ್ರೆ ಮೋಟಾರಿಗೆ ಜಾಗ ಆಗುತ್ತೆ ಫಾದರ್," ಆರ್ಗನ್ನಿನ ಪಕ್ಕದ ಗೂಡಿನೊಳಗಿಂದ ಎಲೆಕ್ಟ್ರಿಷಿಯನ್ ಕೂಗಿ ಹೇಳಿದ.

ಪಾದ್ರಿಗಳು ಆರ್ಗನ್ ನುಡಿಸುವವಳ ಮುಖ ನೋಡಿದರು. ಮುನ್ನೂರು ವರ್ಷದ ಚರ್ಚು, ನೂರು ವರ್ಷದ ಆರ್ಗನ್. ಅವಳು ಸ್ಟೂಲಿನ ಮೇಲೆ ಕೂತು ನುಡಿಸುವಾಗ ಪಕ್ಕದ ಹಲಗೆಯ ಮರೆಯ ಗೂಡಿನಲ್ಲಿ ನಿಂತು ಒಬ್ಬರು ಹಿಡಿ ಹಿಡಿದು ತಿದಿ ಒತ್ತಿ ಗಾಳಿ ತುಂಬುತ್ತಲೇ ಇರಬೇಕು. ಗಾಳಿ ನಿಂತರೆ ನಾದವೂ ನಿಂತಂತೆ. ಆರು ವರ್ಷ ತಿದಿ ಒತ್ತಿದವನು ಅವಳ ಗಂಡ, ಊರಿನ ಬಡಗಿ. ಅವನು ತೀರಿಕೊಂಡು ಎಂಟು ತಿಂಗಳು. ಅಂದಿನಿಂದ ಊರವರು ಬರಿಗೊರಳಿನಲ್ಲಿ ಹಾಡುತ್ತಿದ್ದರು, ಒಬ್ಬೊಬ್ಬರದು ಒಂದೊಂದು ದಾರಿ. ಬೇರೆಯವರು ಒತ್ತುತ್ತೇವೆಂದು ಬಂದರೆ ಅವಳು ಸ್ಟೂಲಿನ ಹತ್ತಿರವೂ ಸುಳಿದಿರಲಿಲ್ಲ.

"ಯಾರೂ ಬೇಡ ಅಂದೆ, ಸರಿ. ಗಾಳಿ ಊದೋ ಮೋಟಾರಿನ ಮೇಲೂ ಮುನಿಸಾ?" ಎಂದರು ಪಾದ್ರಿಗಳು. "ಭಾನುವಾರ ನುಡಿಸ್ತೀಯೇನಮ್ಮ? ಎಲ್ಲರಿಗಿಂತ ಜೋರಾಗಿ ಹಾಡೋ ಆ ಬೇಕರಿಯವಳ ಶ್ರುತಿ ನನ್ನ ಭಕ್ತೀನೇ ಪರೀಕ್ಷೆ ಮಾಡ್ತಿದೆ."

ಅವಳು ನಗಲಿಲ್ಲ. "ಹಿಡಿ ಕೀಳೋ ಮೊದಲು ಒಂದ್ಸಲ ನೋಡ್ತೀನಿ," ಎಂದಳು.

ಅವಳು ಗೂಡಿನೊಳಗೆ ಹೋದದ್ದು ಅದೇ ಮೊದಲು. "ಅದು ಇಲಿಗೂಡು ಕಣೇ. ದೀಪಾನೂ ಇಲ್ಲ, ಬಲಿಪೀಠಾನೂ ಕಾಣಲ್ಲ," ಎಂದು ಗಂಡ ಪ್ರತಿ ಭಾನುವಾರ ಗೊಣಗುತ್ತಿದ್ದ. "ಹಾಗಾದ್ರೆ ಬಿಟ್ಬಿಡಿ," ಎಂದರೆ ಮಾತು ತಿರುಗಿಸುತ್ತಿದ್ದ. ಒಬ್ಬರು ನಿಲ್ಲುವಷ್ಟೇ ಜಾಗ. ಹಿಡಿ ಕೈಯುಜ್ಜಿ ಸವೆದು ನುಣುಪಾಗಿತ್ತು. ಅವಳು ಹಿಡಿದು ನೋಡಿದಳು. ಏನೂ ಅನ್ನಿಸಲಿಲ್ಲ. ಬರೀ ಮರ.

"ಇಲ್ಲೊಂದು ತೂತು ಬೇರೆ, ನೋಡಿ ಅಕ್ಕ," ಅವಳಿಗೆ ಜಾಗ ಬಿಟ್ಟು ಗೂಡಿನ ಬಾಯಲ್ಲಿ ನಿಂತಿದ್ದ ಎಲೆಕ್ಟ್ರಿಷಿಯನ್ ಟಾರ್ಚು ಮೇಲೆತ್ತಿದ. ಪರವೂರಿನವನು, ಯಾರು ನಿಂತ ಜಾಗವೆಂದು ಅವನಿಗೇನು ಗೊತ್ತು. "ನಿಮ್ಮೂರ ಬಡಗಿ ನಿದ್ದೆ ಮಾಡ್ತಿದ್ನೇನೋ! ಒಂದು ಪಟ್ಟಿ ಹೊಡೆದುಬಿಡ್ಲಾ?"

ಹಲಗೆಯಲ್ಲಿ ಬೆರಳಗಲದ ಸಂದು. ತಾನಾಗಿ ಬಿರಿದದ್ದಲ್ಲ, ಉಳಿಯಿಂದ ತೆಗೆದದ್ದು. ಕಣ್ಣಿನ ರೆಪ್ಪೆಗೆ ಚುಚ್ಚದ ಹಾಗೆ ಅಂಚನ್ನು ಉಜ್ಜಿ ನಯ ಮಾಡಲಾಗಿತ್ತು. ಅವಳು ತುದಿಗಾಲಿನಲ್ಲಿ ನಿಂತು ಕಣ್ಣಿಟ್ಟಳು. ಪೀಠ ಕಾಣಲಿಲ್ಲ. ಜನ ಕೂರುವ ಬೆಂಚುಗಳೂ ಕಾಣಲಿಲ್ಲ. ಅವಳ ಸ್ಟೂಲೊಂದೇ ಕಾಣುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಏನಮ್ಮಾ, ಏನಿದೆ ಅಲ್ಲಿ?" ಪಾದ್ರಿಗಳು ಹೊರಗಿನಿಂದ ಕೇಳಿದರು.

"ಏನಿಲ್ಲ ಫಾದರ್." ಅವಳು ಎಲೆಕ್ಟ್ರಿಷಿಯನ್ ಕಡೆ ತಿರುಗಿದಳು. "ಹಿಡಿ ತೆಗೀರಿ. ತೂತು ಮುಚ್ಚಬೇಡಿ."

"ಧೂಳು ಬರುತ್ತಲ್ಲ ಅಕ್ಕ?"

"ಬರಲಿ."

ಸಂಜೆಯ ಹೊತ್ತಿಗೆ ಮೋಟಾರು ಗುಂಯ್‌ಗುಟ್ಟಿತು. ಗಾಳಿ ಬಂತು, ಒಂದೇ ಸಮ, ದಣಿವೇ ಇಲ್ಲದ ಗಾಳಿ. ಅವಳು ಸ್ಟೂಲಿನ ಮೇಲೆ ಕೂತಳು. ಬೆರಳು ಇಡುವ ಮೊದಲು, ಹಲಗೆಯ ಸಂದಿನ ಕಡೆ ಕೆನ್ನೆಗೆ ಇಳಿಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.