ಬಿಚ್ಚದ ಗಂಟು

ಮಗನ ವಾಲಿಬಾಲ್ ಬ್ಯಾಗನ್ನು ಒಗೆಯುವ ಕಲ್ಲಿನ ಮೇಲೆ ಸುರಿದ ಕಲಾಳ ಕೈ ಅಲ್ಲೇ ನಿಂತಿತು. ಮಂಡಿಗೆ ಹಾಕುವ ಪ್ಯಾಡುಗಳಿಗೆ ನಿನ್ನೆ ಬೆಳಿಗ್ಗೆ ಅವಳೇ ಸುತ್ತಿದ್ದ ಹೂವಿನ ದಾರ ಹಾಗೇ ಇತ್ತು, ಗಂಟು ಕೂಡ ಬಿಚ್ಚಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಹದೇವ, ನಿನ್ನೆಯ ಸೆಮಿಫೈನಲ್‌ನಲ್ಲಿ ತಾನು ನೆಲಕ್ಕೆ ಬಿದ್ದು ಬಾಲ್ ಎತ್ತಿದ್ದನ್ನು ತಟ್ಟೆ ಸರಿಸಿ ಮಾಡಿ ತೋರಿಸಿದ್ದ.

ಯೂನಿವರ್ಸಿಟಿ ತಂಡ ಗೆಲ್ಲುತ್ತಲೇ ಬಂದಿತ್ತು. ಪ್ಯಾಡು ಮಾತ್ರ ಒಮ್ಮೆಯೂ ಕೊಳೆಯಾಗಿರಲಿಲ್ಲ. "ಮರದ ಕೋರ್ಟು ಕಣಮ್ಮ, ಧೂಳಿರಲ್ಲ" ಅಂದಿದ್ದ, ನಂಬಿದ್ದಳು. ಅವನಿಗೆ ಮೊಟ್ಟೆ ಬೇಯಿಸಲು ದಿನವೂ ಕತ್ತಲಲ್ಲಿ ಎದ್ದಿದ್ದನ್ನು ನೆನೆದು ಮೈಯೆಲ್ಲ ಉರಿಯಿತು.

ಒಳಗೆ ಗಂಡ ಮುರುಗೇಶ್ ಕೆಂಗೇರಿಯ ತಮ್ಮನೊಂದಿಗೆ ಫೋನಿನಲ್ಲಿ ಕೂಗಾಡುತ್ತಿದ್ದ. "ನಾಳೆ ಫೈನಲ್ ಕಣೋ! ಎಲ್ರೂ ಮನೆಗೇ ಬಂದ್ಬಿಡಿ, ನಾನೇ ಕರ್ಕೊಂಡು ಹೋಗ್ತೀನಿ. ನಮ್ಮ ಹುಡುಗನ ಹೊಡೆತ ನೋಡೀರಂತೆ!"

ಹಿತ್ತಲಿಗೆ ಬಂದ ಮಹದೇವ ದಾರ ನೋಡಿ ಪೆಚ್ಚಾದ. "ಅಮ್ಮಾ, ಅಪ್ಪಂಗೆ..."

"ಬಾಯ್ಮುಚ್ಕೊಂಡು ಬಕೆಟ್ ಹಿಡಿ."

ದಾರ ಕಿತ್ತು, ಕೊಳೆಯೇ ಇಲ್ಲದ ಪ್ಯಾಡುಗಳನ್ನು ಬಡಿದು ಬಡಿದು ಒಗೆದಳು. ಫೈನಲ್‌ಗೆಂದೇ ಇಸ್ತ್ರಿ ಮಾಡಿಸಿದ್ದ ಸೀರೆ ಬೀರುವಿನಲ್ಲಿತ್ತು. ಅದು ಅಲ್ಲೇ ಇರಲಿ. ನಾಳೆ ಎಲ್ಲರೂ ಹೊರಡುವ ಹೊತ್ತಿಗೆ ಸರಿಯಾಗಿ ತನಗೆ ತಲೆ ಸುತ್ತಿ ಬರಬೇಕು ಎಂದು ಕಲಾ ತೀರ್ಮಾನಿಸಿಕೊಂಡಳು.